ಎಲ್‌ಎಲ್‌ಆರ್ ಕೈಗೆ ಬಂದಿದೆ. ಮಗಳು ಒಬ್ಬಳೇ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗಬಹುದೇ?

ತುಂಗಾತೀರ:
ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಪೇಟೆ. ಮಗಳಿಗೆ ಹದಿನೆಂಟು ತುಂಬಿದ ಕೂಡಲೇ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ದೃಢೀಕರಣದ ಮೂಲಕ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿದೆವು. ರಸ್ತೆ ಸುರಕ್ಷತೆಯ ವಿಡಿಯೊ ನೋಡಿ, ಮನೆಯಲ್ಲಿಯೇ ಕ್ಯಾಮೆರಾದ ಎದುರು ಕುಳಿತು ಪರೀಕ್ಷೆ ಬರೆದು ಅವಳು ಉತ್ತೀರ್ಣಳೂ ಆದಳು. ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತದೆಯೇ ಕಲಿಕಾ ಪರವಾನಗಿ ಕೈಗೆ ಬಂತು.

ಸಮಸ್ಯೆ ಆರಂಭವಾಗಿರುವುದು ಈಗ. ಮುಂದೆ ಹಿಂದೆ ಕೆಂಪು ‘ಎಲ್’ ಅಂಟಿಸಿಕೊಂಡು ಸೋಮವಾರದಿಂದಲೇ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುತ್ತೇನೆಂದು ಅವಳು ಹಟ ಹಿಡಿದಿದ್ದಾಳೆ. ಅಕ್ಕಪಕ್ಕದವರೂ ‘ಎಲ್‌ಎಲ್‌ಆರ್ ಇದೆಯಲ್ಲ, ಇನ್ನೇನು’ ಎನ್ನುತ್ತಿದ್ದಾರೆ. ಹಿಂದೆ ಯಾರಾದರೂ ಕುಳಿತಿರಬೇಕು ಎಂದು ನಾನು ಎಲ್ಲೋ ಓದಿದ ನೆನಪು. ಆದರೆ ನನ್ನ ಬಳಿ ಇರುವುದು ಕಾರಿನ ಪರವಾನಗಿ ಮಾತ್ರ, ಹೆಂಡತಿಗೆ ಯಾವುದೂ ಇಲ್ಲ. ಮಗಳು ಒಬ್ಬಳೇ ಹೋಗಬಹುದೇ? ಹೋಗಬಾರದು ಎಂದಾದರೆ ನಾನು ಹಿಂದೆ ಕುಳಿತರೆ ಸಾಕೇ? ತಿಳಿದವರು ಹೇಳಬೇಕು.

ಸ್ಟೆಪ್ನಿ:
ಎಲ್ ಅಂಟಿಸಿ ಕಳುಹಿಸಿ. ಸಣ್ಣ ಪೇಟೆಯಲ್ಲಿ ಯಾರೂ ಕೇಳುವುದಿಲ್ಲ.

ಕಪ್ಪುಕೋಟು:
ಕೇಳುವವರು ಇಲ್ಲದಿರುವುದು ಬೇರೆ, ಕಾನೂನು ಒಪ್ಪುವುದು ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಮೂರನೆಯ ನಿಯಮ ಇರುವುದೇ ಇದಕ್ಕಾಗಿ. ಕಲಿಯುವವರು ಚಾಲ್ತಿಯಲ್ಲಿರುವ ಕಲಿಕಾ ಪರವಾನಗಿ ಹೊಂದಿರಬೇಕು. ಆ ವಾಹನವನ್ನು ಓಡಿಸಲು ಪರವಾನಗಿ ಇರುವ ಒಬ್ಬರು ಜೊತೆಯಲ್ಲಿರಬೇಕು, ಅವರು ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಸಾಧ್ಯವಾಗುವಂತಹ ಸ್ಥಾನದಲ್ಲಿ ಕುಳಿತಿರಬೇಕು. ಜೊತೆಗೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಮುಂದೆಯೂ ಹಿಂದೆಯೂ ಇರಬೇಕು. ಈ ಮೂರೂ ಒಟ್ಟಿಗೆ ಇರಬೇಕೇ ಹೊರತು ಇದಾದರೂ ಸರಿ, ಅದಾದರೂ ಸರಿ ಎಂದಲ್ಲ. ದ್ವಿಚಕ್ರ ವಾಹನದ ಮಟ್ಟಿಗೆ ಇನ್ನೊಂದು ಮಾತನ್ನೂ ನಿಯಮ ಸೇರಿಸುತ್ತದೆ: ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಆದ್ದರಿಂದ ಗೆಳತಿಯನ್ನು ಕೂರಿಸಿಕೊಂಡು ಕಾಲೇಜಿಗೆ ಹೋಗುವ ಯೋಚನೆಯೂ ನಡೆಯುವುದಿಲ್ಲ, ಆ ಗೆಳತಿಗೆ ಪರವಾನಗಿ ಇದ್ದು ಅವಳೇ ಕಲಿಸುತ್ತಿದ್ದರೆ ಮಾತ್ರ ಬೇರೆ.

ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಾರಿನ ಪರವಾನಗಿ ಇರುವವರು ಸ್ಕೂಟರ್ ಕಲಿಸುವವರಾಗಲು ಬರುವುದಿಲ್ಲ. ಹಿಂದೆ ಕೂರುವವರ ಕಾರ್ಡಿನಲ್ಲಿ ದ್ವಿಚಕ್ರದ ವರ್ಗ ನಮೂದಾಗಿರಬೇಕು. ಗೇರ್ ಇರುವ ಬೈಕಿನ ಪರವಾನಗಿ ಇದ್ದರೆ ಗೇರ್ ಇಲ್ಲದ ಸ್ಕೂಟರಿಗೂ ಅದು ಸಲ್ಲುತ್ತದೆ.

ಸ್ಟೆಪ್ನಿ:
ವಕೀಲರೇ, ಪುಸ್ತಕದ ಮಾತು ಬಿಟ್ಟು ಒಮ್ಮೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತು ನೋಡಿ. ಅಲ್ಲಿಂದ ನೀವು ಏನನ್ನು ನಿಯಂತ್ರಿಸುತ್ತೀರಿ? ಕಾರಿನಲ್ಲಾದರೆ ಹ್ಯಾಂಡ್‌ಬ್ರೇಕ್ ಎಳೆಯಬಹುದು, ಸ್ಟಿಯರಿಂಗ್ ಹಿಡಿಯಬಹುದು. ಸ್ಕೂಟರಿನಲ್ಲಿ ಹಿಂದೆ ಕುಳಿತವರು ಕಲಿಯುವವರ ಜೊತೆಗೆ ತಾವೂ ಬೀಳುತ್ತಾರೆ, ಅಷ್ಟೇ ವ್ಯತ್ಯಾಸ. ಅಲ್ಲದೆ ಎಪ್ಪತ್ತು ಕಿಲೋ ತೂಗುವ ಮಾವನನ್ನು ಹಿಂದೆ ಹೇರಿಕೊಂಡರೆ ಹೊಸಬರ ಸಮತೋಲನ ಇನ್ನೂ ಕೆಡುತ್ತದೆ. ಈ ನಿಯಮವನ್ನು ಬರೆದವರು ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದು ದ್ವಿಚಕ್ರಕ್ಕೂ ಅಂಟಿಸಿದ್ದಾರೆ.

ಹಾಫ್ ಕ್ಲಚ್:
ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಸ್ಟೆಪ್ನಿ ಅವರ ಆಕ್ಷೇಪದಲ್ಲಿ ಅರ್ಧ ಸತ್ಯ ಇದೆ ಎಂದು ಒಪ್ಪುತ್ತೇನೆ, ಉಳಿದರ್ಧ ಹೇಳುತ್ತೇನೆ.

ಗೇರ್ ಇಲ್ಲದ ಸ್ಕೂಟರಿನಲ್ಲಿ ಹೊಸಬರು ಬೀಳುವುದು ವೇಗದಿಂದಲ್ಲ, ಗಾಬರಿಯಿಂದ. ಎದುರಿಗೆ ಹಸುವೋ ಆಟೋವೋ ಬಂದಾಗ ಬಲಗೈ ಬ್ರೇಕ್ ಹಿಡಿಯಲು ಹೋಗುತ್ತದೆ. ಹಿಡಿಯುವ ಭರದಲ್ಲಿ ಮಣಿಕಟ್ಟು ಒಳಕ್ಕೆ ತಿರುಗಿ ಆಕ್ಸಿಲರೇಟರ್ ಕೂಡ ತಿರುಗಿಬಿಡುತ್ತದೆ. ಎರಡೂ ಕಾಲುಗಳು ನೆಲಕ್ಕೆ ಇಳಿದು ಚಪ್ಪಲಿ ಎಳೆಯುತ್ತಿರುತ್ತವೆ, ವಾಹನ ಮಾತ್ರ ಮುಂದಕ್ಕೆ ನುಗ್ಗುತ್ತಿರುತ್ತದೆ. ಇಂತಹ ಹೊತ್ತಿನಲ್ಲಿ ಹಿಂದೆ ಕುಳಿತವರು ಪಳಗಿದವರಾದರೆ ಕೈ ಚಾಚಿ ಎಡಗಡೆಯ ಬ್ರೇಕ್ ಹಿಡಿಯಲು ಸಾಧ್ಯವಿದೆ, ನಾವು ದಿನವೂ ಹಿಡಿಯುತ್ತೇವೆ. 2019ರ ಏಪ್ರಿಲ್‌ನಿಂದೀಚೆಗೆ 125 ಸಿಸಿವರೆಗಿನ ದ್ವಿಚಕ್ರ ವಾಹನಗಳಿಗೆ ಸಂಯೋಜಿತ ಬ್ರೇಕ್ ಅಥವಾ ಎಬಿಎಸ್ ಕಡ್ಡಾಯವಾಗಿದೆ. ಸಂಯೋಜಿತ ಬ್ರೇಕಿನ ಸ್ಕೂಟರಿನಲ್ಲಿ ಎಡಗಡೆಯ ಒಂದೇ ಲಿವರ್ ಎರಡೂ ಚಕ್ರಗಳನ್ನು ಹಿಡಿಯುತ್ತದೆ.

ಹಾಗೆಂದು ಮೊದಲ ದಿನವೇ ಹಿಂದೆ ಕೂರುವುದಿಲ್ಲ. ಖಾಲಿ ಮೈದಾನದಲ್ಲಿ ಎಂಜಿನ್ ಆರಿಸಿ, ಕಾಲಿನಿಂದ ತಳ್ಳಿಕೊಂಡು ಹೋಗಿ ಬ್ರೇಕ್ ಹಿಡಿದು ನಿಲ್ಲುವುದನ್ನು ಮೊದಲು ರೂಢಿ ಮಾಡಿಸುತ್ತೇನೆ. ನಿಲ್ಲಲು ಬಂದವರಿಗೇ ಓಡಿಸಲು ಕೊಡುವುದು. ಮೈದಾನ ಮುಗಿದು ರಸ್ತೆಗೆ ಇಳಿಯುವಾಗ ಹಿಂದಿನ ಸೀಟಿಗೆ ಬರುತ್ತೇನೆ.

ಬಯಲುಸೀಮೆ:
ಹಾಫ್ ಕ್ಲಚ್ ಅವರ ಮಾತಿಗೆ ನನ್ನದೂ ಒಂದು ಸೇರ್ಪಡೆ. ನಮ್ಮ ಕಡೆ ಕೆರೆಯಲ್ಲಿ ಈಜು ಕಲಿಯುವವರ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಇಲ್ಲಿ ಆ ಬುರುಡೆ ಹಿಂದೆ ಕುಳಿತಿರುವ ಮನುಷ್ಯ. ಸ್ಟಿಕ್ಕರ್ ಅಂಟಿಸಿ ಮಗಳನ್ನು ಒಬ್ಬಳೇ ಕಳುಹಿಸುವವರು ಬುರುಡೆಯನ್ನು ದಡದಲ್ಲಿಯೇ ಬಿಟ್ಟು ಕೆರೆಗೆ ದೂಡುತ್ತಿದ್ದಾರೆ.

ಸ್ಟೆಪ್ನಿ:
ಉಪಮೆ ಚೆನ್ನಾಗಿದೆ. ಆದರೆ ನಮ್ಮ ಊರಿನಲ್ಲಿ ಎಲ್‌ಎಲ್‌ಆರ್ ಇರುವ ಅಷ್ಟೂ ಹುಡುಗ ಹುಡುಗಿಯರು ಒಬ್ಬೊಬ್ಬರೇ ಓಡಿಸುತ್ತಾರೆ, ಅವರೆಲ್ಲ ಏನು ಮುಳುಗಿಹೋದರೇ? ಪೊಲೀಸರು ಹಿಡಿದರೂ ಎಲ್‌ಎಲ್‌ಆರ್ ತೋರಿಸಿದರೆ ಬಿಡುತ್ತಾರೆ. ಪರವಾನಗಿಯೇ ಇಲ್ಲದವರಿಗೆ ಹಾಕುವ ದಂಡ ಎಲ್‌ಎಲ್‌ಆರ್ ಇರುವವರಿಗೆ ಅನ್ವಯಿಸುವುದಿಲ್ಲ.

ಕಪ್ಪುಕೋಟು:
ಕೊನೆಯ ವಾಕ್ಯ ತಪ್ಪು. ಮೋಟಾರು ವಾಹನ ಕಾಯಿದೆಯ ಸೆಕ್ಷನ್ 3 ಹೇಳುವುದೇನು? ಚಾಲನಾ ಪರವಾನಗಿ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಯಾರೂ ವಾಹನ ಓಡಿಸುವಂತಿಲ್ಲ. ಕಲಿಯುವವರಿಗೆ ಇದರಿಂದ ವಿನಾಯಿತಿ ಕೊಡುವುದು ಅದೇ ಸೆಕ್ಷನ್ನಿನ ಎರಡನೆಯ ಉಪವಿಧಿ, ಮತ್ತು ಆ ವಿನಾಯಿತಿ ಸಿಗುವುದು ಕೇಂದ್ರ ಸರ್ಕಾರ ನಿಗದಿಪಡಿಸಿದ ಷರತ್ತುಗಳಿಗೆ ಒಳಪಟ್ಟು. ಆ ಷರತ್ತುಗಳೇ ನಾನು ಮೇಲೆ ಹೇಳಿದ ಮೂರನೆಯ ನಿಯಮ. ಷರತ್ತು ಮುರಿದರೆ ವಿನಾಯಿತಿ ಇಲ್ಲ, ವಿನಾಯಿತಿ ಇಲ್ಲದಿದ್ದರೆ ನೀವು ಪರವಾನಗಿ ಇಲ್ಲದ ಚಾಲಕರೇ. 2019ರ ತಿದ್ದುಪಡಿಯ ನಂತರ ಸೆಕ್ಷನ್ 181ರಲ್ಲಿ ಇದಕ್ಕೆ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಇದೆ. ವಾಹನವನ್ನು ಓಡಿಸಲು ಕೊಟ್ಟ ಮಾಲೀಕರನ್ನು ಸೆಕ್ಷನ್ 180 ಹಿಡಿಯುತ್ತದೆ. ಅಂದರೆ ಸ್ಕೂಟರ್ ಅಪ್ಪನ ಹೆಸರಿನಲ್ಲಿದ್ದರೆ ಇಬ್ಬರಿಗೂ ಪ್ರತ್ಯೇಕವಾಗಿ ಬೀಳುತ್ತದೆ. ಸ್ಥಳದಲ್ಲಿಯೇ ಕಟ್ಟಿ ಮುಗಿಸುವ ಮೊತ್ತವನ್ನು ನಮ್ಮ ರಾಜ್ಯ ಸರ್ಕಾರ ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಡಿಮೆ ಮಾಡಿತ್ತು ಎಂಬುದು ನಿಜ, ಆದರೆ ದಂಡ ಕಡಿಮೆಯಾದ ಮಾತ್ರಕ್ಕೆ ಅಪರಾಧ ಅಪರಾಧವಲ್ಲದೆ ಹೋಗುವುದಿಲ್ಲ.

ಹಿಂಬದಿ ಸವಾರ:
ದಂಡದ ಲೆಕ್ಕ ಬಿಡಿ, ವಿಮೆಯ ಲೆಕ್ಕ ನೋಡಿ. ನಮ್ಮ ಪರಿಚಯದ ಒಬ್ಬರ ಮಗ ಎಲ್‌ಎಲ್‌ಆರ್ ಇಟ್ಟುಕೊಂಡು ಒಬ್ಬನೇ ಕಾರು ಓಡಿಸಿ ಕಲ್ವರ್ಟಿಗೆ ಗುದ್ದಿದ. ಬಂಪರ್, ರೇಡಿಯೇಟರ್ ಎಲ್ಲ ಹೋಯಿತು. ಜೊತೆಯಲ್ಲಿ ಯಾರಿದ್ದರು, ಅವರ ಪರವಾನಗಿಯ ಪ್ರತಿ ಕೊಡಿ ಎಂಬುದೇ ವಿಮಾ ಕಂಪನಿಯ ಮೊದಲ ಪ್ರಶ್ನೆಯಾಗಿತ್ತು. ಯಾರೂ ಇರಲಿಲ್ಲ, ಹಣವೂ ಬರಲಿಲ್ಲ. ನಿಮ್ಮ ಪಾಲಿಸಿಯ ಕಾಗದವನ್ನು ಒಮ್ಮೆ ತೆಗೆದು ಓದಿ. ಕಲಿಕಾ ಪರವಾನಗಿ ಇರುವವರೂ ಓಡಿಸಬಹುದು, ಆದರೆ ಮೂರನೆಯ ನಿಯಮದ ಷರತ್ತುಗಳನ್ನು ಪಾಲಿಸಿರಬೇಕು ಎಂದು ಅದರಲ್ಲಿಯೇ ಅಚ್ಚಾಗಿರುತ್ತದೆ.

ಗೇರ್ ನಂಬರ್ ಎರಡು:
ಎದುರಿನವರಿಗೆ ಪೆಟ್ಟಾದರೆ ಮಾತ್ರ ವಿಮಾ ಕಂಪನಿ ಕೊಡಲೇಬೇಕಲ್ಲವೇ? ಸುಪ್ರೀಂ ಕೋರ್ಟ್ ತೀರ್ಪು ಇದೆ ಎಂದು ಕೇಳಿದ್ದೇನೆ.

ಕಪ್ಪುಕೋಟು:
ಇದೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ, ಕಲಿಕಾ ಪರವಾನಗಿ ಹೊಂದಿದವರು ಅಪಘಾತ ಮಾಡಿದರೂ ಮೂರನೆಯ ವ್ಯಕ್ತಿಗೆ ಸಲ್ಲಬೇಕಾದ ಪರಿಹಾರದ ಹೊಣೆಯಿಂದ ವಿಮಾ ಕಂಪನಿ ಜಾರಿಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಗಾಯಗೊಂಡ ಬಡಪಾಯಿಗೆ ಪರಿಹಾರ ತಪ್ಪಬಾರದು ಎಂಬುದು ಅದರ ಹಿಂದಿನ ಕಾಳಜಿ. ಆದರೆ ಪಾಲಿಸಿಯ ಷರತ್ತನ್ನು ಮಾಲೀಕರು ಗೊತ್ತಿದ್ದೂ ಉಲ್ಲಂಘಿಸಿದ ಸಂದರ್ಭಗಳಲ್ಲಿ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಲು ಅದೇ ತೀರ್ಪು ದಾರಿ ಬಿಟ್ಟಿದೆ. ಅರ್ಧ ತೀರ್ಪನ್ನು ವಾಟ್ಸ್ಆ್ಯಪಿನಲ್ಲಿ ಓದಿ ಧೈರ್ಯ ತಂದುಕೊಳ್ಳಬೇಡಿ.

ಪಿಜಿ ವಾಸಿ:
ಇಲ್ಲಿ ಎಲ್ಲರೂ ಅಪ್ಪ, ಮಾವ, ಅಣ್ಣ ಎನ್ನುತ್ತಿದ್ದೀರಿ. ನಾನು ಬೆಂಗಳೂರಿನಲ್ಲಿ ಒಬ್ಬಳೇ ಇರುವವಳು. ಎಲ್‌ಎಲ್‌ಆರ್ ಇದೆ, ಸ್ಕೂಟರ್ ಇದೆ, ಹಿಂದೆ ಕೂರಲು ಯಾರೂ ಇಲ್ಲ. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಬರುವವಳ ಹಿಂದೆ ಯಾರನ್ನು ಕೂರಿಸಬೇಕು? ಮನೆಯಲ್ಲಿ ಪರವಾನಗಿ ಇರುವ ಗಂಡಸರು ಇದ್ದೇ ಇರುತ್ತಾರೆ ಎಂದು ಭಾವಿಸಿ ಬರೆದ ನಿಯಮ ಇದು ಎಂದು ನನಗೆ ಅನಿಸುತ್ತದೆ.

ಹಾಫ್ ಕ್ಲಚ್:
ನಿಮ್ಮ ಕಷ್ಟ ನಿಜವಾದದ್ದು. ದ್ವಿಚಕ್ರ ಕಲಿಸುವ ಶಾಲೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ, ಮಹಿಳೆಯರೇ ಕಲಿಸುವಂಥವೂ ಇವೆ. ಬೆಳಿಗ್ಗೆ ಆರಕ್ಕೆ ತರಗತಿ ಇರುವಲ್ಲಿ ಸೇರಿಕೊಳ್ಳಿ. ಅದು ಬೇಡವೆಂದರೆ ಕಚೇರಿಯಲ್ಲಿ ಪರವಾನಗಿ ಇರುವ ಗೆಳತಿಯೊಬ್ಬಳು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಟ್ಟರೂ ಸಾಕು. ಎಲ್‌ಎಲ್‌ಆರ್ ಇರುವುದು ಕಲಿಯಲಿಕ್ಕಾಗಿ, ಕಚೇರಿಗೆ ಹೋಗಿ ಬರಲಿಕ್ಕಲ್ಲ. ಮೂವತ್ತು ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹಾಜರಾಗಬಹುದಾದ್ದರಿಂದ ಕಾಯಬೇಕಾದ ಅವಧಿ ಬಹಳ ದೊಡ್ಡದೇನಲ್ಲ.

ಥೇಮ್ಸ್ ದಡದ ಕನ್ನಡಿಗ:
ನಾನು ಬ್ರಿಟನ್ನಿನಲ್ಲಿದ್ದೇನೆ. ಭಾರತದ ಪರವಾನಗಿಯಲ್ಲಿ ಇಲ್ಲಿ ಒಂದು ವರ್ಷ ಮಾತ್ರ ಓಡಿಸಬಹುದು, ಆಮೇಲೆ ಎಲ್ಲರಂತೆ ಕಲಿಯುವವರ ಪರವಾನಗಿಯಿಂದ ಶುರು ಮಾಡಬೇಕು. ಇಲ್ಲಿಯೂ ಕೆಂಪು ಎಲ್ ಇದೆ, ಜೊತೆಯಲ್ಲಿ ಕೂರುವವರೂ ಬೇಕು. ವ್ಯತ್ಯಾಸ ಏನೆಂದರೆ, ಕಾರಿನಲ್ಲಿ ಜೊತೆಗೆ ಕೂರುವವರಿಗೆ ಕನಿಷ್ಠ 21 ವರ್ಷ ಆಗಿರಬೇಕು ಮತ್ತು ಅವರು ಪೂರ್ಣ ಪರವಾನಗಿ ಪಡೆದು ಮೂರು ವರ್ಷ ಕಳೆದಿರಬೇಕು. ಬರಹದ ಪರೀಕ್ಷೆಯಲ್ಲಿ 50ಕ್ಕೆ 43 ಬರಬೇಕು. ಅದರ ಮೇಲೆ, ಪರದೆಯ ಮೇಲೆ ಓಡುವ ವಿಡಿಯೊದಲ್ಲಿ ಅಪಾಯ ಎಲ್ಲಿ ಹುಟ್ಟುತ್ತಿದೆ ಎಂದು ಗುರುತಿಸುವ ಇನ್ನೊಂದು ಪರೀಕ್ಷೆ ಇದೆ. ನಮ್ಮ ಊರಿನಲ್ಲಿ ವರ್ಷಗಟ್ಟಲೆ ಓಡಿಸಿದವರೂ ಇದರಲ್ಲಿ ಎಡವುತ್ತಾರೆ. ಭಾರತದ ನಿಯಮದಲ್ಲಿ ಕಲಿಸುವವರ ಅನುಭವದ ಬಗ್ಗೆ ಏನಾದರೂ ಇದೆಯೇ?

ಕಪ್ಪುಕೋಟು:
ಮೂರನೆಯ ನಿಯಮದಲ್ಲಿ ಇಲ್ಲ. ನಿನ್ನೆ ಡಿಎಲ್ ಪಡೆದವರು ಇಂದು ಇನ್ನೊಬ್ಬರಿಗೆ ಕಲಿಸಲು ಕೂರಬಹುದು. ಅಕ್ಕ ಫೆಬ್ರುವರಿಯಲ್ಲಿ ಪಾಸಾಗಿ, ಮಾರ್ಚಿನಲ್ಲಿ ತಂಗಿಗೆ ಗುರುವಾಗುವುದನ್ನು ಕಾನೂನು ತಡೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ನಿಯಮದ ನಿಜವಾದ ದೌರ್ಬಲ್ಯ ಇಲ್ಲಿದೆಯೇ ಹೊರತು ಸ್ಟೆಪ್ನಿ ಅವರು ಹೇಳಿದಲ್ಲಿ ಅಲ್ಲ.

ಅಡಿಕೆ ಸುಲಿಯುವವ:
ನನ್ನ ಮಗನಿಗೆ ಹದಿನಾರು ವರ್ಷ. ಹದಿನಾರಕ್ಕೇ ಎಲ್‌ಎಲ್‌ಆರ್ ಕೊಡುತ್ತಾರೆ, ಹೆತ್ತವರ ಒಪ್ಪಿಗೆ ಇದ್ದರೆ ಸಾಕು ಎಂದು ಇಲ್ಲಿನ ಏಜೆಂಟ್ ಹೇಳುತ್ತಿದ್ದಾನೆ. ಪಿಯು ಕಾಲೇಜು ಎಂಟು ಕಿಲೋಮೀಟರ್ ದೂರದಲ್ಲಿದೆ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು.

ಗೇರ್ ನಂಬರ್ ಎರಡು:
ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯವಾದುದನ್ನು ನುಂಗಿದ್ದಾನೆ. ಹದಿನಾರು ತುಂಬಿದವರಿಗೆ ಹೆತ್ತವರ ಒಪ್ಪಿಗೆಯ ಮೇಲೆ ಪರವಾನಗಿ ಸಿಗುವುದು 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರಕ್ಕೆ ಮಾತ್ರ. ಅಂತಹ ಪೆಟ್ರೋಲ್ ವಾಹನ ಇಂದು ಶೋರೂಮಿನಲ್ಲಿ ಎಲ್ಲಿದೆ? ರೈತರು ಓಡಿಸುವ ಮೊಪೆಡ್ಡೇ ನೂರು ಸಿಸಿಯ ಹತ್ತಿರ ಬಂದಿದೆ, ಸಾಮಾನ್ಯ ಸ್ಕೂಟರುಗಳು 110 ಅಥವಾ 125 ಸಿಸಿ. ಆ ಎಲ್‌ಎಲ್‌ಆರ್ ಇಟ್ಟುಕೊಂಡು ಮನೆಯ ಸ್ಕೂಟರ್ ಓಡಿಸಿದರೆ ಅದಕ್ಕೆ ಯಾವ ಬೆಲೆಯೂ ಇಲ್ಲ.

ಕಪ್ಪುಕೋಟು:
ಬೆಲೆ ಇಲ್ಲ ಎನ್ನುವುದಷ್ಟೇ ಅಲ್ಲ, ಅಪಾಯವೂ ಇದೆ. 2019ರಲ್ಲಿ ಸೇರಿದ ಸೆಕ್ಷನ್ 199ಎ ಪ್ರಕಾರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ಹೊಣೆಯಾಗಿಸಿ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಅಪ್ರಾಪ್ತರಿಗೆ ಕಲಿಕಾ ಪರವಾನಗಿ ಇದ್ದು, ಅದು ಯಾವ ವಾಹನಕ್ಕೆ ಇದೆಯೋ ಅದನ್ನೇ ಓಡಿಸುತ್ತಿದ್ದರೆ ಪೋಷಕರಿಗೆ ಅದೇ ಸೆಕ್ಷನ್ ರಕ್ಷಣೆ ಕೊಡುತ್ತದೆ. 50 ಸಿಸಿಯ ಕಾಗದ ತೋರಿಸಿ 110 ಸಿಸಿ ಓಡಿಸಿದವರಿಗೆ ಆ ರಕ್ಷಣೆ ಸಿಗುವುದಿಲ್ಲ.

ಬಯಲುಸೀಮೆ:
ಅಡಿಕೆಯವರೇ, ಗಂಟೆಗೆ 25 ಕಿಲೋಮೀಟರ್ ಮೀರದ, ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರುವ ವಿದ್ಯುತ್ ವಾಹನಗಳು ನಿಯಮದ ಪ್ರಕಾರ ಮೋಟಾರು ವಾಹನವೇ ಅಲ್ಲ, ಅವಕ್ಕೆ ಪರವಾನಗಿ ಬೇಕಿಲ್ಲ. ಎಂಟು ಕಿಲೋಮೀಟರಿಗೆ ಅದು ಸಾಕಾಗಬಹುದು. ಆದರೆ ಘಟ್ಟದ ಏರಿನಲ್ಲಿ ಅದು ಹತ್ತುತ್ತದೆಯೇ ಎಂದು ಕೊಳ್ಳುವ ಮೊದಲು ಓಡಿಸಿ ನೋಡಿ. ಅಂಗಡಿಯವರು ವೇಗದ ಮಿತಿಯನ್ನು ತೆಗೆದುಕೊಡುತ್ತೇವೆ ಎಂದರೆ ಒಪ್ಪಬೇಡಿ, ತೆಗೆದ ಕ್ಷಣದಿಂದ ಅದು ಮೋಟಾರು ವಾಹನವಾಗುತ್ತದೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದಗಳು. ಹೆಂಡತಿಯ ತಮ್ಮನಿಗೆ ಬೈಕಿನ ಪರವಾನಗಿ ಇದೆ, ಸಂಜೆ ಐದರಿಂದ ಆರರವರೆಗೆ ಅವನೇ ಹಿಂದೆ ಕೂರುತ್ತಾನೆ ಎಂದು ತೀರ್ಮಾನವಾಗಿದೆ. ಮಗಳು ಮುಖ ಊದಿಸಿಕೊಂಡಿದ್ದಾಳೆ. ಈ ಚರ್ಚೆಯನ್ನು ಓದಿದ ಹೆಂಡತಿಯೂ ತಾನು ಕಲಿಯುತ್ತೇನೆ ಎನ್ನುತ್ತಿದ್ದಾಳೆ, ವಯಸ್ಸು ನಲವತ್ತನಾಲ್ಕು. ಅವಳಿಗೆ ಬೇರೆ ಕ್ರಮ ಇದೆಯೇ? ಖರ್ಚೆಷ್ಟು?

ಹಾಫ್ ಕ್ಲಚ್:
ನಲವತ್ತು ದಾಟಿದವರು ಫಾರಂ 1ಎ, ಅಂದರೆ ನೋಂದಾಯಿತ ವೈದ್ಯರ ಪ್ರಮಾಣಪತ್ರ ಕೊಡಬೇಕು. ಅದಕ್ಕಿಂತ ಚಿಕ್ಕವರಿಗೆ ಸ್ವಂತ ವಾಹನದ ಮಟ್ಟಿಗೆ ಫಾರಂ 1ರ ಸ್ವಯಂ ಘೋಷಣೆ ಸಾಕು. ಬಣ್ಣಗುರುಡಿನ ಬಗ್ಗೆಯೂ ಕೆಲವರು ಸುಮ್ಮನೆ ಹೆದರುತ್ತಾರೆ. ಅಲ್ಪ ಅಥವಾ ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೆ 2020ರಿಂದ ಪರವಾನಗಿಗೆ ಅಡ್ಡಿಯಿಲ್ಲ. ಶುಲ್ಕ ಕೇಂದ್ರ ನಿಯಮಗಳ ಪ್ರಕಾರ ಕಲಿಕಾ ಪರವಾನಗಿಗೆ ಒಂದು ವರ್ಗಕ್ಕೆ 150 ರೂಪಾಯಿ, ಅದರ ಪರೀಕ್ಷೆಗೆ 50. ಮುಂದೆ ಚಾಲನಾ ಪರೀಕ್ಷೆಗೆ ವರ್ಗವೊಂದಕ್ಕೆ 300, ಪರವಾನಗಿಗೆ 200. ಇದರ ಮೇಲೆ ಸೇವಾ ಶುಲ್ಕ ಸೇರುತ್ತದೆ. ಇದಕ್ಕೆ ಏಜೆಂಟರು ಎಷ್ಟು ಕೇಳುತ್ತಾರೆ ಎಂಬುದನ್ನು ನೀವೇ ವಿಚಾರಿಸಿ ಹೋಲಿಸಿ ನೋಡಿ.

ರಾಗಿಮುದ್ದೆ:
ಏಜೆಂಟರ ಮಾತು ಬಂದದ್ದರಿಂದ ಹೇಳುತ್ತೇನೆ. ಮನೆಯಲ್ಲಿಯೇ ಪರೀಕ್ಷೆ ಎಂಬ ಸೌಲಭ್ಯ ಬಂದ ಮೇಲೆ, ಕಲಿಯುವವರ ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಡಲು ಸೈಬರ್ ಅಂಗಡಿಯವರೇ ಹಣ ಕೇಳುತ್ತಿದ್ದಾರೆ. ಕ್ಯಾಮೆರಾ ಮುಖವನ್ನು ನೋಡುತ್ತದೆ, ಕಿವಿಯಲ್ಲಿ ಪಿಸುಗುಡುವವರನ್ನು ಹೇಗೆ ನೋಡೀತು? ಶೇ 60 ಸರಿಯಾದರೆ ಪಾಸು. ಅಷ್ಟನ್ನೂ ಓದದವರು ರಸ್ತೆಗೆ ಬಂದು ಏನು ಮಾಡುತ್ತಾರೆ? ಹಳೆಯ ಪದ್ಧತಿಯಲ್ಲಿ ಕಚೇರಿಗೆ ಹೋಗಿ ಬರೆಯುವುದೇ ಲೇಸಾಗಿತ್ತು.

ಪಿಜಿ ವಾಸಿ:
ಹಳೆಯ ಪದ್ಧತಿಯಲ್ಲಿ ಕಚೇರಿಗೆ ಹೋದವರೆಲ್ಲ ಓದಿಕೊಂಡು ಹೋಗುತ್ತಿದ್ದರು ಎಂದು ನೀವು ನಿಜವಾಗಿಯೂ ನಂಬುತ್ತೀರಾ? ಒಂದು ಕಾಗದಕ್ಕಾಗಿ ಅರ್ಧ ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲುವುದು ತಪ್ಪಿದೆ. ಆಧಾರ್ ಬಳಸಲು ಇಷ್ಟವಿಲ್ಲದವರಿಗೆ ಕಚೇರಿಯ ದಾರಿ ಈಗಲೂ ತೆರೆದಿದೆ.

ಸ್ಟೆಪ್ನಿ:
ಪರೀಕ್ಷೆಯ ಪ್ರಶ್ನೆಗಳೇ ಹಾಸ್ಯಾಸ್ಪದ. ಕಾವಲುಗಾರರಿಲ್ಲದ ರೈಲ್ವೆ ಗೇಟಿನಲ್ಲಿ ಏನು ಮಾಡಬೇಕು ಎಂದು ಕೇಳುತ್ತಾರೆ. ಬ್ರಾಡ್‌ಗೇಜ್ ಮಾರ್ಗದಲ್ಲಿ ಅಂತಹ ಗೇಟುಗಳನ್ನು 2019ರ ಜನವರಿಯ ಹೊತ್ತಿಗೇ ತೆಗೆದುಹಾಕಿದ್ದಾರೆ. ಇಲ್ಲದ ಗೇಟಿನ ಪ್ರಶ್ನೆ ಯಾಕೆ?

ಹಾಫ್ ಕ್ಲಚ್:
ಅದು ನಿಯಮದ ಪಠ್ಯದಲ್ಲಿಯೇ ಇರುವುದರಿಂದ ಕೇಳುತ್ತಾರೆ, ಮತ್ತು ಉತ್ತರ ತಿಳಿದಿರುವುದರಿಂದ ನಷ್ಟವೇನಿಲ್ಲ: ವಾಹನ ನಿಲ್ಲಿಸಬೇಕು, ಜೊತೆಯಲ್ಲಿರುವವರು ಇಳಿದು ಹಳಿಯವರೆಗೆ ನಡೆದು ಎರಡೂ ಕಡೆ ನೋಡಬೇಕು, ಯಾರೂ ಇಲ್ಲದಿದ್ದರೆ ಚಾಲಕರೇ ಇಳಿಯಬೇಕು. ಮಕ್ಕಳು ಹೆಚ್ಚಾಗಿ ತಪ್ಪುವುದು ಫಲಕಗಳಲ್ಲಿ. ನೀಲಿ ವೃತ್ತದ ಮೇಲೆ ಕೆಂಪು ಗೆರೆ ಒಂದೇ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಅಡ್ಡಡ್ಡ ಇದ್ದರೆ ವಾಹನವನ್ನು ನಿಲ್ಲಿಸುವುದೇ ಇಲ್ಲ. ಪೇಟೆಯಲ್ಲಿ ಈ ಎರಡನೆಯ ಫಲಕದ ಕೆಳಗೇ ಕಾರು ನಿಲ್ಲಿಸಿ ಇಂಡಿಕೇಟರ್ ಹಾಕಿ ತರಕಾರಿ ಕೊಳ್ಳುವವರನ್ನು ದಿನವೂ ನೋಡುತ್ತೇನೆ. ಅವರೆಲ್ಲರೂ ಪರೀಕ್ಷೆಯಲ್ಲಿ ಪಾಸಾದವರೇ.

ರಾಗಿಮುದ್ದೆ:
2024ರ ಜೂನ್‌ನಿಂದ ಆರ್‌ಟಿಒ ಪರೀಕ್ಷೆಯೇ ಬೇಡ, ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಸಾಕು ಎಂದು ಸುದ್ದಿ ಬಂದಿತ್ತಲ್ಲ? ಹಾಗಿದ್ದರೆ ಹಾಫ್ ಕ್ಲಚ್ ಅವರೇ ಡಿಎಲ್ ಕೊಟ್ಟುಬಿಡಬಹುದು.

ಹಾಫ್ ಕ್ಲಚ್:
ಕೊಡುವಂತಿದ್ದರೆ ನನ್ನ ಮನೆ ಮುಂದೆ ಸಾಲು ನಿಲ್ಲುತ್ತಿತ್ತು. ಜೂನ್ ಒಂದರಿಂದ ಹೊಸದೇನೂ ಬರುತ್ತಿಲ್ಲ ಎಂದು ಸಾರಿಗೆ ಸಚಿವಾಲಯವೇ ಆಗ ಸ್ಪಷ್ಟನೆ ಕೊಟ್ಟಿತು. ಪರೀಕ್ಷೆಯಿಂದ ವಿನಾಯಿತಿ ಇರುವುದು ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಕಲಿತವರಿಗೆ, ಅದೂ 2021ರ ಜುಲೈಯಿಂದ ಜಾರಿಯಲ್ಲಿರುವ ನಿಯಮ. ಅಲ್ಲಿ ಸಿಮ್ಯುಲೇಟರ್ ಇರಬೇಕು, ಪರೀಕ್ಷಾ ಟ್ರ್ಯಾಕ್ ಇರಬೇಕು, ಲಘು ವಾಹನಕ್ಕೆ 29 ಗಂಟೆಗಳ ಪಾಠ ಇರಬೇಕು. ನಮ್ಮಂತಹ ಸಾಮಾನ್ಯ ಶಾಲೆಗಳಿಗೆ ಅದು ಅನ್ವಯಿಸದು. ನಮಗೆ ನಿಯಮ ಹೇಳುವುದು ಕಾರಿಗೆ ಕನಿಷ್ಠ 21 ದಿನ, ಅದರಲ್ಲಿ ಹತ್ತು ಗಂಟೆ ನಿಜವಾದ ಚಾಲನೆ. ಇಷ್ಟನ್ನಾದರೂ ಪೂರ್ತಿ ತೆಗೆದುಕೊಳ್ಳಿ ಎಂದರೆ ‘ಅಣ್ಣ, ಡಿಎಲ್ ಮಾಡಿಸಿಕೊಡಿ, ಓಡಿಸುವುದು ಆಮೇಲೆ ಕಲಿಯುತ್ತೇನೆ’ ಎನ್ನುವವರೇ ಹೆಚ್ಚು. ಶಾಲೆಗಳನ್ನು ಬೈಯುವವರು ಇದನ್ನೂ ಸ್ವಲ್ಪ ಯೋಚಿಸಬೇಕು.

ಹಿಂಬದಿ ಸವಾರ:
ಶಾಲೆಗಳಲ್ಲೂ ಡಬಲ್ ಕಂಟ್ರೋಲ್ ಕಾರಿನಲ್ಲಿ ಬ್ರೇಕು, ಕ್ಲಚ್ಚು ಎರಡನ್ನೂ ತಾವೇ ಒತ್ತಿ, ಕಲಿಯುವವರಿಗೆ ಸ್ಟಿಯರಿಂಗ್ ಮಾತ್ರ ಬಿಡುವವರಿದ್ದಾರೆ. ನನ್ನ ತಂಗಿ ಇಂತಹ ಕಡೆ ಕೋರ್ಸ್ ಮುಗಿಸಿ ಮನೆಯ ಕಾರು ಹತ್ತಿದಾಗ ಮೊದಲ ತಿರುವಿನಲ್ಲೇ ಎಂಜಿನ್ ನಿಂತಿತು. ಏರಿನಲ್ಲಿ ನಿಲ್ಲಿಸಿ ಹೊರಡುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟೇ ಇರಲಿಲ್ಲ.

ಹಾಫ್ ಕ್ಲಚ್:
ಅಂತಹವರಿದ್ದಾರೆ, ಅಲ್ಲಗಳೆಯುವುದಿಲ್ಲ. ಪತ್ತೆ ಹಚ್ಚಲು ಸುಲಭ ಉಪಾಯ ಇದೆ: ಪಾಠದ ನಡುವೆ ‘ಈಗ ನೀವು ಕಾಲು ತೆಗೆದು ಕುಳಿತುಕೊಳ್ಳಿ’ ಎಂದು ಕಲಿಸುವವರಿಗೆ ಹೇಳಿ. ತೆಗೆಯಲು ಒಪ್ಪದಿದ್ದರೆ ಆ ಶಾಲೆ ಬಿಡಿ.

ಗೇರ್ ನಂಬರ್ ಎರಡು:
ಮನೆಯವರೇ ಕಾರು ಕಲಿಸುವುದಾದರೆ ಒಂದು ಎಚ್ಚರಿಕೆ. ಈಚಿನ ಕೆಲವು ಕಾರುಗಳಲ್ಲಿ ಎರಡು ಸೀಟಿನ ನಡುವೆ ಎಳೆಯುವ ಹ್ಯಾಂಡ್‌ಬ್ರೇಕ್ ಇರುವುದಿಲ್ಲ, ಗುಂಡಿಯ ರೂಪದ ಎಲೆಕ್ಟ್ರಾನಿಕ್ ಬ್ರೇಕ್ ಇರುತ್ತದೆ. ಓಡುತ್ತಿರುವಾಗ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ಓದಿಕೊಳ್ಳದೆ ಪಕ್ಕದಲ್ಲಿ ಕೂರಬೇಡಿ. ಸಾಧ್ಯವಾದರೆ ಕಲಿಯಲು ಲಿವರ್ ಇರುವ ಹಳೆಯ ಕಾರೇ ಮೇಲು. ಆಟೋಮ್ಯಾಟಿಕ್ ಕಾರಿನಲ್ಲಿ ಕಲಿತರೂ ಸಿಗುವುದು ಅದೇ ಎಲ್‌ಎಂವಿ ಪರವಾನಗಿ, ಬೇರೆ ವರ್ಗ ಇಲ್ಲ.

ಕರಾವಳಿ ಕಣ್ಣು:
ನಾನು ಮಂಗಳೂರಿನಲ್ಲಿ ಎಲ್‌ಎಲ್‌ಆರ್ ಮಾಡಿಸಿದ್ದೇನೆ. ಅಜ್ಜಿಯ ಮನೆ ಕಾಸರಗೋಡಿನಲ್ಲಿದೆ, ಅಲ್ಲಿ ಗದ್ದೆಯ ಪಕ್ಕದ ರಸ್ತೆ ಖಾಲಿ ಇರುತ್ತದೆ. ರಾಜ್ಯ ಬೇರೆಯಾದ್ದರಿಂದ ಅಲ್ಲಿ ಅಭ್ಯಾಸ ಮಾಡಬಾರದು ಎಂದು ಭಾವ ಹೇಳುತ್ತಾನೆ.

ಕಪ್ಪುಕೋಟು:
ಭಾವನಿಗೆ ಸೆಕ್ಷನ್ 13 ತೋರಿಸಿ. ಕಲಿಕಾ ಪರವಾನಗಿಯೂ ಚಾಲನಾ ಪರವಾನಗಿಯಂತೆಯೇ ಭಾರತದಾದ್ಯಂತ ಸಲ್ಲುತ್ತದೆ. ಎಲ್ ಪಟ್ಟಿ ಮತ್ತು ಜೊತೆಗಾರರ ಷರತ್ತು ಗಡಿ ದಾಟಿದರೂ ಹಾಗೆಯೇ ಇರುತ್ತದೆ. ದ್ವಿಚಕ್ರವಾದರೆ ಹಿಂದೆ ಕೂರುವ ಭಾವನೂ ಹೆಲ್ಮೆಟ್ ಹಾಕಬೇಕು.

ಸ್ಟೆಪ್ನಿ:
ಎಲ್ ಪಟ್ಟಿಗೂ ಅಳತೆ ಇದೆ ಎಂದು ಈಗ ಯಾರಾದರೂ ಹೇಳಿಬಿಡಿ, ಬಾಕಿ ಉಳಿದಿರುವುದು ಅದೊಂದೇ.

ಕಪ್ಪುಕೋಟು:
ಇದೆ. ಬಿಳಿಯ ಹಿನ್ನೆಲೆ 18 ಸೆಂಟಿಮೀಟರ್ ಚೌಕಕ್ಕಿಂತ ಕಡಿಮೆ ಇರಬಾರದು. ಅಕ್ಷರದ ಎತ್ತರ ಕನಿಷ್ಠ 10, ದಪ್ಪ 2, ಬುಡದ ಅಗಲ 9 ಸೆಂಟಿಮೀಟರ್. ಸ್ಕೂಟರಿನ ನಂಬರ್ ಪ್ಲೇಟಿನ ಮೂಲೆಯಲ್ಲಿ ಬಿಂದಿಯಷ್ಟು ದೊಡ್ಡದಾಗಿ ಅಂಟಿಸಿಕೊಳ್ಳುವ ಸ್ಟಿಕ್ಕರುಗಳು ಲೆಕ್ಕಕ್ಕಿಲ್ಲ.

ಬಯಲುಸೀಮೆ:
ಚಾಲನಾ ಪರೀಕ್ಷೆಯ ದಿನದ ಬಗ್ಗೆ ಯಾರಾದರೂ ಬರೆಯಿರಿ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವಂತಹ ಸ್ವಯಂಚಾಲಿತ ಟ್ರ್ಯಾಕಿನಲ್ಲಿ ಕಾಲು ನೆಲಕ್ಕೆ ಮುಟ್ಟಿದರೂ ಸೆನ್ಸರ್ ಹಿಡಿಯುತ್ತದೆ ಎಂದು ಹೆದರಿಸುತ್ತಾರೆ.

ಹಾಫ್ ಕ್ಲಚ್:
ಹೆದರಿಕೆ ಬೇಡ, ಅಭ್ಯಾಸ ಬೇಕು. ದ್ವಿಚಕ್ರಕ್ಕೆ ಎಂಟು ಹಾಕುವಾಗ ಜನ ಮುಂದಿನ ಚಕ್ರವನ್ನೇ ನೋಡುತ್ತಾರೆ, ಅದರಿಂದಲೇ ಕಾಲು ಇಳಿಯುತ್ತದೆ. ನೋಟ ಮುಂದಿನ ತಿರುವಿನ ಮೇಲಿರಬೇಕು, ಆಕ್ಸಿಲರೇಟರ್ ಒಂದೇ ಸಮ ಹಿಡಿದಿರಬೇಕು. ಕಾರಿನವರು ಹಿಮ್ಮುಖವಾಗಿ ನಿಲ್ಲಿಸುವುದನ್ನೂ ಏರಿನಲ್ಲಿ ನಿಂತು ಹಿಂದೆ ಜಾರದೆ ಹೊರಡುವುದನ್ನೂ ಮೊದಲೇ ಪಳಗಿಸಿಕೊಳ್ಳಿ. ಒಮ್ಮೆ ಫೇಲಾದರೆ ಏಳು ದಿನಗಳ ನಂತರ ಮತ್ತೆ ಹಾಜರಾಗಬಹುದು. ಮೂರು ಬಾರಿ ಫೇಲಾದರೆ ಅರವತ್ತು ದಿನ ಕಾಯಬೇಕು.

ಮಳೆಗಾಲ:
ತಡವಾಗಿ ಬಂದೆ. ನನ್ನ ಎಲ್‌ಎಲ್‌ಆರ್‌ನ ಆರು ತಿಂಗಳು ಮುಂದಿನ ವಾರ ಮುಗಿಯುತ್ತದೆ, ಪರೀಕ್ಷೆಗೆ ಸ್ಲಾಟ್ ಸಿಕ್ಕಿರುವುದು ಅದರ ನಂತರದ ವಾರ. ಹಾಗೆಯೇ ಹೋದರೆ ನಡೆಯುತ್ತದೆಯೇ?

ಕಪ್ಪುಕೋಟು:
ನಡೆಯುವುದಿಲ್ಲ. ಪರೀಕ್ಷೆಯ ದಿನ ಕಲಿಕಾ ಪರವಾನಗಿ ಚಾಲ್ತಿಯಲ್ಲಿರಬೇಕು. ಅವಧಿ ಮುಗಿದರೆ ಹೊಸದಾಗಿ ಅರ್ಜಿ, ಮತ್ತೆ ಮೂವತ್ತು ದಿನ.

ಹಾಫ್ ಕ್ಲಚ್:
ಅದಕ್ಕೆ ಮೊದಲು ಒಂದು ಪ್ರಯತ್ನ ಮಾಡಿ. ಯಾರಾದರೂ ರದ್ದು ಮಾಡಿದ ಸ್ಲಾಟುಗಳು ಆಗಾಗ ತೆರೆದುಕೊಳ್ಳುತ್ತವೆ, ಈ ವಾರ ಬೆಳಿಗ್ಗೆ ಸಂಜೆ ಪೋರ್ಟಲ್ ನೋಡುತ್ತಿರಿ. ಸಿಕ್ಕಿದರೆ ಮೂಲ ಎಲ್‌ಎಲ್‌ಆರ್, ವಾಹನದ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಎಲ್ಲವನ್ನೂ ತೆಗೆದುಕೊಂಡು ಹೋಗಿ. ವಿಮೆ ಮುಗಿದ ಗಾಡಿ ತಂದು ಗೇಟಿನಿಂದಲೇ ವಾಪಸ್ ಹೋದವರನ್ನು ಬಹಳ ನೋಡಿದ್ದೇನೆ. ಮತ್ತೆ, ಪರೀಕ್ಷೆಗೆ ಹೋಗುವಾಗಲೂ ಗಾಡಿಯನ್ನು ಒಬ್ಬರೇ ಓಡಿಸಿಕೊಂಡು ಹೋಗಬೇಡಿ.